ಅಜ್ಜಿ ಹೇಳಿದ ಒಂದೇ ಮಾತು

೧೨-೯-೧೯೬೩, ಗುರುವಾರ

ಇದನ್ನು ಬರೆಯಲೂ ನಾಚಿಕೆ. ಇವತ್ತು ಅಜ್ಜಿಯನ್ನು ನೋಡಲು ಹೊರಡುವ ಮೊದಲು ಎರಡು ಸಲ ಜಡೆ ಬಿಚ್ಚಿ ಹೆಣೆದೆ. ಅಜ್ಜಿಯ ಕಣ್ಣು ಮಂಜು. ಹಾಗಾದರೆ ಜಡೆ ಯಾರಿಗೆ?

ಅಷ್ಟು ಬರೆದು ಶೀಲಾವತಿ ಡೈರಿ ಮುಚ್ಚಿದಳು. ಮತ್ತೆ ತೆರೆದು ಕೊನೆಯ ಸಾಲಿನ ಮೇಲೆ ಗೀಟು ಎಳೆದಳು. ಗೀಟಿನ ಕೆಳಗೂ ಅದು ಓದಲು ಬರುತ್ತಿತ್ತು…

ಬಿ.ಎ. ಮುಗಿಸಿ ಪುತ್ತೂರಿನ ಶಾಲೆಯಲ್ಲಿ ಟೀಚರ್ ಆಗಿ, ಚಿಕ್ಕಮ್ಮನ ಮನೆಯಲ್ಲಿದ್ದವಳು ಅವಳು. ಸಂಜೆ ಶಾಲೆ ಬಿಟ್ಟ ಮೇಲೆ ನೇರ ಚಾಕರಿ ಮನೆಗೆ ಹೋಗುತ್ತಿದ್ದಳು. ಹಾಸಿಗೆ ಹಿಡಿದವರನ್ನು ಇಟ್ಟುಕೊಂಡು ನೋಡುವ ಆ ಮನೆಗೆ ಬೋರ್ಡಿನಲ್ಲಿ ಬೇರೇನೋ ಇಂಗ್ಲಿಷ್ ಹೆಸರು. ಜನ ಕರೆಯುತ್ತಿದ್ದುದು ಮಾತ್ರ ಚಾಕರಿ ಮನೆ ಎಂದೇ. ಪಾರ್ಶ್ವವಾಯು ಬಡಿದು ಮಾತು ನಿಂತ ಅಜ್ಜಿಯನ್ನು ಊರು ಐವರ್ನಾಡಿನಿಂದ ಅಲ್ಲಿಗೆ ತಂದು ಮೂರು ತಿಂಗಳಾಗಿತ್ತು.

ಅಪ್ಪ ಕುಕ್ಕಪ್ಪ ಗೌಡರ ಕಾಗದ ಡೈರಿಯೊಳಗೇ ಇತ್ತು.

‘ತಿಂಗಳಿಗೆ ತೊಂಬತ್ತು ರೂಪಾಯಿ. ಬೆನ್ನಿನ ಹುಣ್ಣು ಒಣಗಿತಂತೆ. ಇನ್ನೂ ಅಲ್ಲೇ ಇಡುವುದು ಸರಿಯೋ ಎಂದು ತಿಳಿಯುವುದಿಲ್ಲ. ನೀನು ದಿನಾ ನೋಡುವವಳು, ಕಲಿತವಳು. ಭಾನುವಾರ ಬರುತ್ತೇನೆ. ನೀನು ಹೇಳಿದಂತೆ ಮಾಡುವ.’

ತೊಂಬತ್ತು ಎಂದರೆ ಅವಳ ಸಂಬಳಕ್ಕಿಂತ ಹತ್ತೇ ರೂಪಾಯಿ ಕಡಿಮೆ.

ಇರಲಿ ಎಂದರೆ ಅದು ಅಜ್ಜಿಗಾಗಿ ಹೇಳಿದ ಮಾತೋ… ಅಥವಾ ಬಾಗಿಲಲ್ಲಿ ನಿಂತು “ಬಂದ್ರಾ ಟೀಚರ್?” ಎನ್ನುವ ಆ ಕಾಂಪೌಂಡರನಿಗಾಗಿಯೋ?

ಅವನ ಹೆಸರು ತೀರ್ಥರಾಮ. ಮೊದಲ ದಿನವೇ ಅವನೊಡನೆ ಜಗಳವಾಗಿತ್ತು. ಅವಳು ಕೋಣೆಗೆ ಕಾಲಿಟ್ಟಾಗ ಅವನು ಅಜ್ಜಿಯ ಮೇಲೆ ಬಾಗಿ, ಎರಡೂ ಕೈಯನ್ನು ಬೆನ್ನ ಕೆಳಗೆ ಹಾಕಿದ್ದ.

“ಗಂಡಸರು ಯಾಕೆ ಮುಟ್ಟುದು? ಹೆಂಗಸರು ಯಾರೂ ಇಲ್ವಾ ಇಲ್ಲಿ?”

ಅಷ್ಟು ಗಟ್ಟಿಯಾಗಿ ತಾನು ಮಾತಾಡಿದೆನೇ ಎಂದು ಅವಳಿಗೇ ಗಾಬರಿ.

ಅವನು ತಲೆ ಎತ್ತಲಿಲ್ಲ. “ರುಖಿಯಮ್ಮ ಬಿಸಿನೀರಿಗೆ ಹೋಗಿದ್ದಾರೆ. ಮಗ್ಗುಲು ಬದಲಿಸುವ ಹೊತ್ತಾಯ್ತು. ಮುಟ್ಟದೆ ತಿರುಗಿಸುವ ವಿದ್ಯೆ ನನಗೆ ಬರುದಿಲ್ಲ. ನಿಮಗೆ ಬರ್ತದಾ?”

ಅವಳು ಕೈಯ ಚೀಲವನ್ನು ನೆಲಕ್ಕಿಟ್ಟಳು.

“ಬರದಿದ್ರೆ ಆ ಕೊನೆ ಹಿಡೀರಿ.”

ಅಜ್ಜಿಯ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆಯ ಒಂದು ಕೊನೆ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಒಂದು, ಎರಡು, ಮೂರು ಎಂದಾಗ ಇಬ್ಬರೂ ಒಟ್ಟಿಗೆ ಎತ್ತಿದರು. ಅಜ್ಜಿ ನೋವಿಲ್ಲದೆ ಮಗುವಿನಂತೆ ಮಗ್ಗುಲಾದಳು. ಆಗ ಕಂಡಿತು ಬೆನ್ನ ಮೇಲಿನ ಹುಣ್ಣು, ಅಂಗೈಯಷ್ಟು ಅಗಲ. ಮನೆಯಲ್ಲಿ ಆದದ್ದು.

ಅಮ್ಮ ಬೇಕೆಂದು ಮಾಡಿದ್ದಲ್ಲ. ಹಟ್ಟಿಯ ದನ, ಕೆಲಸದವರ ಊಟ, ಗದ್ದೆ… ಅದರ ನಡುವೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಅವಳಿಗೆ ಹೇಳಿದವರಾದರೂ ಯಾರು?

ಶೀಲಾವತಿ ಅಳುವುದನ್ನು ತೀರ್ಥರಾಮ ನೋಡಿದ. ನೋಡದವನಂತೆ ಕಿಟಕಿ ತೆರೆಯಲು ಹೋದ. ಅವಳ ಜಡೆಯ ಕತೆ ಶುರುವಾದದ್ದು ಆ ಕಿಟಕಿಯಿಂದ.

* * *

ಶುಕ್ರವಾರ ಸಂಜೆ ಧೈರ್ಯ ಮಾಡಿ ಅವನನ್ನೇ ಕೇಳಿದಳು.

“ತೊಂಬತ್ತು ರೂಪಾಯಿಗೆ ಇಲ್ಲಿ ಅಂಥದ್ದು ಎಂತ ಉಂಟು? ಮನೆಯಲ್ಲಿ ಮಲಗಿದ್ರೆ ಮಂಚ ಬಾಡಿಗೆ ಕೇಳ್ತದಾ ಅಂತ ಅಪ್ಪ ಹೇಳ್ತಾರೆ.”

ಅವನಿಗೆ ನಗು ಬಂತು. “ಮಂಚಕ್ಕಲ್ಲ ದುಡ್ಡು. ಮಂಚ ಬೆನ್ನನ್ನು ತಿನ್ನದ ಹಾಗೆ ನೋಡುದಕ್ಕೆ. ದಿನಕ್ಕೆ ಹನ್ನೆರಡು ಸಲ ತಿರುಗಿಸ್ಬೇಕು. ಅದಕ್ಕೆ ಮೂರು ಜನ ಹೆಂಗಸರು ಸರದಿಯಲ್ಲಿ.”

“ಹಾಗಾದ್ರೆ ಅಜ್ಜಿ ಇಲ್ಲೇ ಇರಲಾ?”

ಅವನ ನಗು ಅಲ್ಲೇ ನಿಂತಿತು. ಮದ್ದಿನ ಕುಪ್ಪಿಯ ಬಿರಡೆಯನ್ನು ಸುಮ್ಮನೆ ತಿರುಗಿಸುತ್ತಾ ಹೇಳಿದ, “ಇಲ್ಲ. ಕರಕೊಂಡು ಹೋಗಿ.”

“ಎಂತಕ್ಕೆ?”

“ಒಂದು ವಾರದಿಂದ ಅಜ್ಜಿಗೆ ಸ್ವಲ್ಪ ಮಾತು ಬರ್ತಾ ಉಂಟು. ಮನೆಗೆ ಹೋಗ್ಬೇಕಾ ಅಂತ ಕೇಳಿದ್ರೆ ಬೊಡು ಅಂತಾರೆ. ದಿನಾ ಕೇಳ್ತೇನೆ, ದಿನಾ ಅದೇ ಮಾತು. ಮನೆ ಬೇಕು ಅನ್ನುವವರನ್ನು ಇಲ್ಲಿ ಇಟ್ಟು ದುಡ್ಡು ತೆಗೊಳ್ಳುದು ಸರಿಯಲ್ಲ ಟೀಚರ್.”

ಅವಳಿಗೆ ಕೇಳಿಸಿದ್ದು ಎರಡೇ ಶಬ್ದ. ಕರಕೊಂಡು ಹೋಗಿ.

ಅಷ್ಟು ಸುಲಭವಾಗಿ ಹೇಳಿದನಲ್ಲ… ಅಜ್ಜಿ ಹೋದರೆ ನಾನೂ ಬರುವುದಿಲ್ಲ ಎಂದು ಅವನಿಗೆ ಹೊಳೆಯಲಿಲ್ಲವೇ? ಹೊಳೆದೂ ಹೇಳಿದನೇ? ಮೂರು ತಿಂಗಳು ತಾನು ಹೆಣೆದದ್ದು ಬರೀ ಜಡೆಯೇ?

ಅಜ್ಜಿಯನ್ನು ತಾನೇ ಒಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಅಜ್ಜಿ ಮನೆ ಬೇಕೆಂದರೆ ಎಲ್ಲವೂ ಮುಗಿಯಿತು ಎಂಬ ಹೆದರಿಕೆ. ಆ ಹೆದರಿಕೆಯ ಮೇಲೆ ಅವಳಿಗೇ ಅಸಹ್ಯ.

ಆ ದಿನ ಡೈರಿಯಲ್ಲಿ ತಾರೀಕು ಮಾತ್ರ ಬರೆದಳು.

* * *

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಅಪ್ಪ ಬಂದರು. ತಾಯಿಯನ್ನು ಕರೆದೊಯ್ಯಲು ಕಾರು ಸಿಗುತ್ತದೋ ಎಂದು ದಾರಿಯಲ್ಲೇ ವಿಚಾರಿಸಿ ಬಂದಿದ್ದರು.

ಅಜ್ಜಿ ಮನೆ ಬೇಕೆನ್ನುತ್ತಾರೆ ಎಂದು ತೀರ್ಥರಾಮ ಅವರಿಗೂ ಹೇಳಿದ. ಅಪ್ಪನ ಮುಖ ಅರಳಿತು. “ಮತ್ತೆ ಕೇಳುದೆಂತ? ಹೊರಡುವ. ಆದ್ರೂ ಶೀಲಾ, ನೀನೊಮ್ಮೆ ಕೇಳು. ಅವ್ವನಿಗೆ ನಿನ್ನ ಸ್ವರ ಗುರ್ತ.”

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅಜ್ಜಿಯ ಕಿವಿಯ ಹತ್ತಿರ ಬಾಗಿ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಅದನ್ನೇ ಕೇಳಿದಳು.

“ಅಜ್ಜೀ… ಮನೆಗೆ ಹೋಕಾ?”

ಸೊಟ್ಟಗಾದ ತುಟಿ ಕಷ್ಟದಿಂದ ಅಲುಗಿತು. “ಬೊ… ತ್ತು.”

“ಕೇಳಿದ್ರಲ್ಲ, ಬೊಡು,” ಎಂದ ತೀರ್ಥರಾಮ, ಸೋತ ಸ್ವರದಲ್ಲಿ.

ಅಪ್ಪ ಅವನನ್ನೇ ನೋಡಿದರು. “ನಿಮ್ಮದು ಯಾವ ಊರು ಮಾರಾಯ್ರೆ?”

“ಆಲಂಕಾರು.”

“ಜನ?”

“ಗೌಡರು.”

“ಗೌಡರು ಹೌದು, ಆದ್ರೆ ಮನೆಯಲ್ಲಿ ತುಳು. ಅಲ್ವಾ?” ಅಪ್ಪ ಮಂಚದ ಕಾಲ ಬಳಿಯ ಸ್ಟೂಲಿನ ಮೇಲೆ ಕುಸಿದರು. “ನಿಮ್ಮ ಬೊಡು ಅಂದ್ರೆ ಬೇಕು. ನಮ್ಮ ಬೊತ್ತು ಅಂದ್ರೆ ಬೇಡ. ನನ್ನ ಅವ್ವ ಮನೆ ಬೇಡ ಅಂತಿದ್ದಾಳೆ.”

ತೀರ್ಥರಾಮನ ಕಿವಿ ಕೆಂಪಾಯಿತು.

ಅಪ್ಪ ತಾಯಿಯ ಕೈ ಹಿಡಿದರು. “ಎಂತಕೆ ಅವ್ವಾ?”

“ಸೊಸೆ ಕೈಲಿ… ನಾಚಿಕೆ…” ಅಜ್ಜಿಯ ಕಣ್ಣು ಬಿಸಿನೀರು ತಂದಿಟ್ಟ ರುಖಿಯಮ್ಮನ ಕಡೆ ಹೊರಳಿತು.

ರುಖಿಯಮ್ಮ ಟವೆಲು ಹಿಂಡುತ್ತಾ ಹೇಳಿದರು, “ಸೊಸೆಯನ್ನು ಮೂವತ್ತು ವರ್ಷ ಬೈದಿರಬೇಕು ಗೌಡ್ರೆ. ಈಗ ಅವಳ ಕೈಯಲ್ಲಿ ಕುಂಡೆ ತೊಳಿಸಿಕೊಳ್ಳುದು ಹೇಗೆ? ನನ್ನನ್ನು ಬೈದ್ರೆ ತೊಂದರೆ ಇಲ್ಲ, ನನಗೆ ಸಂಬಳ ಉಂಟು. ಕಣ್ಣಲ್ಲೇ ಬೈತಾರೆ, ನಾನು ಬಾಯಲ್ಲೇ ಬೈತೇನೆ.”

ಅಜ್ಜಿಯ ತುಟಿಯ ಒಂದು ಬದಿ ಏರಿತು. ಅದು ನಗುವೇ ಇರಬೇಕು.

ಅಪ್ಪನಿಗೆ ನಗು ಬರಲಿಲ್ಲ. ಶಾಲಿನ ಅಂಚು ತಿರುಚಿದರು.

“ಅವಳಿಗೆ ಬೇಡ, ಅದು ಗೊತ್ತಾಯ್ತು. ಆದ್ರೆ ನಾಚಿಕೆ ಉಳಿಸಲಿಕ್ಕೆ ಇಷ್ಟು ದುಡ್ಡು ಕೊಡುದು ಸರಿಯೋ? ನೀನು ಹೇಳು ಮಗಳೇ.”

ಹೌದು ಎನ್ನಬಹುದಿತ್ತು. ಈಗ ಕಾರಣವೂ ಕೈಗೆ ಸಿಕ್ಕಿತ್ತು, ಅಜ್ಜಿಯ ಬಾಯಿಂದಲೇ. ಅದರ ಹಿಂದೆ ಅಡಗಿ ಕೂರಬಹುದಿತ್ತು.

“ನನ್ನನ್ನು ಕೇಳ್ಬೇಡಿ ಅಪ್ಪ,” ಎಂದಳು. “ಅಜ್ಜಿ ಇಲ್ಲಿರಬೇಕು ಅಂತ ನನಗೂ ಆಸೆ ಉಂಟು. ಅದು ಅಜ್ಜಿಗಾಗಿ ಮಾತ್ರ ಅಲ್ಲ. ಹಾಗಾಗಿ ನನ್ನ ಮಾತನ್ನು ನಂಬುದು ಬೇಡ.”

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಮಗಳ ಮುಖ ನೋಡಿದರು. ಕಾಂಪೌಂಡರನ ಕಿವಿ ನೋಡಿದರು. ಆಮೇಲೆ ಎದ್ದು ಕೊಡೆ ಹುಡುಕಿದರು, ಅದು ಕಂಕುಳಲ್ಲೇ ಇತ್ತು.

“ಸರಿಯೋ ತಪ್ಪೋ ನನಗೂ ಗೊತ್ತಿಲ್ಲ. ಈ ತಿಂಗಳು ಇರಲಿ. ಬರುವ ತಿಂಗಳದ್ದು ಬರುವ ತಿಂಗಳು ನೋಡುವ.” ಬಾಗಿಲಲ್ಲಿ ನಿಂತು ತಿರುಗಿದರು. “ಆಲಂಕಾರಿನಲ್ಲಿ ನಿಮ್ಮ ಮನೆ ಎಲ್ಲಿ ಬರ್ತದೆ?”

“ಪೇಟೆಯಿಂದ ಅರ್ಧ ಮೈಲು…”

“ಹ್ಞೂ,” ಎಂದು ಅಪ್ಪ ಮೆಟ್ಟಿಲಿಳಿದರು. ರುಖಿಯಮ್ಮ ಬೇಕೆಂದೇ ಬಕೆಟ್ ಎತ್ತಿಕೊಂಡು ಅವರ ಹಿಂದೆ ಹೋದರು.

ಮಗ್ಗುಲು ಬದಲಿಸುವ ಹೊತ್ತಾಗಿತ್ತು. ತೀರ್ಥರಾಮ ಬಟ್ಟೆಯ ಒಂದು ಕೊನೆ ಹಿಡಿದು ಕಾದ. ಅವಳು ಇನ್ನೊಂದು ಹಿಡಿದಳು. ಒಂದು, ಎರಡು, ಮೂರು.

ಅಜ್ಜಿ ಗೋಡೆಯ ಕಡೆ ಮಗ್ಗುಲಾದ ಮೇಲೂ ಇಬ್ಬರೂ ಬಟ್ಟೆ ಬಿಡಲಿಲ್ಲ.

“ಕರಕೊಂಡು ಹೋಗಿ ಅಂದವರು ನೀವು,” ಎಂದಳು.

“ಹಾಗಂದ ಮೇಲೆ ನಾನು ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ.” ಅವನು ಬಟ್ಟೆಯ ಮಡಿಕೆಯನ್ನೇ ನೋಡುತ್ತಿದ್ದ. “ಇನ್ನು ತಪ್ಪಬಾರದಲ್ಲ, ಹೇಳಿಕೊಡಿ. ಬೇಡ ಅನ್ನುದಕ್ಕೆ ನಿಮ್ಮಲ್ಲಿ ಬೊತ್ತು. ಬೇಕು ಅನ್ನುದಕ್ಕೆ?”

“ಬೇಕು ಅಂತಲೇ.”

“ಅಷ್ಟೇಯಾ? ಎಂತ ಬೇಕು ಅಂತ ಹೇಳುದಿಲ್ವಾ?”

ಡೈರಿಯಲ್ಲಿ ಗೀಟು ಎಳೆದ ‘ಜಡೆ ಯಾರಿಗೆ?’ ಎಂಬ ಸಾಲಿನ ಉತ್ತರ ಅವಳ ನಾಲಿಗೆಗೆ ಬಂತು. ಇಲ್ಲಿ ಗೀಟು ಎಳೆಯಲು ಪೆನ್ನು ಇರಲಿಲ್ಲ.

“ನೀವು,” ಎಂದಳು ಶೀಲಾವತಿ. “ನೀವು ಬೇಕು.”