ಮೆಟ್ಟಿಲಿಲ್ಲದ ತಿಮಿಂಗಿಲ

“ನಗಬೇಡ. ಮೊದಲೇ ಹೇಳಿದೀನಿ, ನಗಬೇಡ,” ಎಂದ ಮೌನಿ.

“ನಾನೆಲ್ಲಿ ನಕ್ಕೆ? ಇನ್ನೂ ನೋಡೇ ಇಲ್ವಲ್ಲೋ!” ಎಂದಳು ಚಿನಕುರುಳಿ, ಹಾಗೆಂದವಳೇ ಕಿಸಕ್ಕನೆ ನಕ್ಕುಬಿಟ್ಟಳು. ಖುಷಿಗೆ ಬಂದ ನಗು ಅದು. ಬಾಯಿಗೆ ಕೈ ಅಡ್ಡ ಹಿಡಿದರೆ ಮೂಗಿನಿಂದ ಬಂತು.

ಪಕ್ಕದ ಮನೆಯ ಈ ಹುಡುಗ ಮಾತಾಡುವುದೇ ಅಪರೂಪ, ಅದಕ್ಕೇ ಬೀದಿಯವರಿಗೆಲ್ಲ ಅವನು ಮೌನಿ. ಇವಳು ಬಾಯಿ ಮುಚ್ಚುವುದೇ ಅಪರೂಪ, ಅದಕ್ಕೇ ಚಿನಕುರುಳಿ. ಇಬ್ಬರೂ ಐದನೇ ಕ್ಲಾಸು.

ರಜೆಗೆ ಮುಂಚೆ ಮೌನಿ ಕಂಪ್ಯೂಟರಿನ ಬ್ಲಾಕ್ ಗೇಮಿನಲ್ಲಿ ಒಂದು ಹಡಗು ಕಟ್ಟಿ, “ಹೇಗಿದೆ?” ಎಂದು ಕೇಳಿದ್ದ. ಚಿನಕುರುಳಿ ಬೆರಳು ಮಡಚುತ್ತಾ ಹನ್ನೊಂದು ತಪ್ಪು ಎಣಿಸಿದ್ದಳು. ಮೌನಿ ಎಲ್ಲ ಕೇಳಿಸಿಕೊಂಡು ಇಡೀ ಹಡಗನ್ನೇ ಡಿಲೀಟ್ ಮಾಡಿದ್ದ. ಅವತ್ತು ಚಿನಕುರುಳಿಗೆ ಊಟವೇ ಸೇರಿರಲಿಲ್ಲ. ಇವತ್ತು ಏನೇ ಆಗಲಿ ಬಾಯಿಗೆ ಬೀಗ ಎಂದುಕೊಂಡೇ ಬಂದಿದ್ದಳು.

ಮೌನಿ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ.

ತಿಮಿಂಗಿಲ! ನೀಲಿ ಬ್ಲಾಕುಗಳ, ಗುಡ್ಡದಷ್ಟು ದೊಡ್ಡ ತಿಮಿಂಗಿಲ. ಅದರ ಹೊಟ್ಟೆಯೊಳಗೆ ಆರು ಮಹಡಿಯ ಲೈಬ್ರರಿ. ರಜೆ ಪೂರ್ತಿ ಕೂತು ಕಟ್ಟಿದ್ದು. ನಾಳೆ ಸ್ಕೂಲಿನ ಕಂಪ್ಯೂಟರ್ ರೂಮಿನಲ್ಲಿ ಇಡೀ ಕ್ಲಾಸು ಇದರೊಳಗೆ ಓಡಾಡಲಿತ್ತು.

ಮೌನಿಯ ಅಜ್ಜಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅವರು ರಿಟೈರ್ ಆಗಿದ್ದರೂ ದನಿ ಆಗಿರಲಿಲ್ಲ.

“ಹತ್ತೋದೆಲ್ಲಿ, ಇಳಿಯೋದೆಲ್ಲಿ?” ಎಂದು ಗದರಿದ ಹಾಗೆ ಕೇಳಿದರು.

“ಬಾಯಲ್ಲೇ ಅಜ್ಜಿ,” ಎಂದ ಮೌನಿ.

ಚಿನಕುರುಳಿ ಕೀಬೋರ್ಡ್ ಎಳೆದುಕೊಂಡು ತಿಮಿಂಗಿಲದ ಬಾಯೊಳಗೆ ನಡೆದಳು. ನಾಲಿಗೆಯೇ ಕೆಂಪು ಕಾರ್ಪೆಟ್. ಸಾಲು ಹಲ್ಲುಗಳೇ ಬೆಂಚು.

“ಅಯ್ಯಯ್ಯೋ, ಹಲ್ಲಿನ ಮೇಲೆ ಕೂತು ಓದೋದಾ! ಸೂಪರ್ ಕಣೋ!”

ಹೊಟ್ಟೆಯೊಳಗೆ ಬಂದಳು. ಎಡಕ್ಕೆ ಹೋದಳು, ಬಲಕ್ಕೆ ಹೋದಳು, ಕಪಾಟಿನ ಹಿಂದೆ ಇಣುಕಿದಳು.

“ಮೇಲಕ್ಕೆ ಹೇಗೋ ಹೋಗೋದು?”

“ಹಾರು,” ಎಂದ ಮೌನಿ. ಗೇಮಿನಲ್ಲಿ ಅವನು ಯಾವಾಗಲೂ ಹಾರಾಡಿಕೊಂಡೇ ಕಟ್ಟುವವನು.

“ಸ್ಕೂಲಲ್ಲಿ ಹಾರೋದನ್ನ ಟೀಚರ್ ಆಫ್ ಮಾಡಿರ್ತಾರಲ್ಲೋ!”

ಬಾಯಿಯ ಬೀಗ ಕಳಚಿ ಬಿದ್ದಿತ್ತು. ಆರು ಮಹಡಿ, ನಲವತ್ತು ಕೋಣೆ, ಹುಡುಕಿದರೂ ಒಂದೇ ಒಂದು ಮೆಟ್ಟಿಲಿಲ್ಲ!

“ಬಸ್ಸು ಮಾಡಿ ಚಕ್ರ ಹಾಕೋದೇ ಮರೆತ ಹಾಗಾಯ್ತು!” ಎಂದು ಅಜ್ಜಿ ಗೊಳ್ಳೆಂದು ನಕ್ಕರು.

ಮೌನಿಯ ಕಿವಿ ಕೆಂಪಾಯಿತು. ಕೈ ಮೌಸಿಗೆ ಹೋಯಿತು. ‘ಡಿಲೀಟ್ ಮಾಡಬೇಕೇ?’ ಎಂದು ಕಂಪ್ಯೂಟರ್ ಕೇಳಿತು.

ಚಿನಕುರುಳಿ ಗಬಕ್ಕನೆ ಅವನ ಕೈ ಹಿಡಿದಳು.

“ಬೇಡ ಕಣೋ! ನಂಗೆ ಮೇಲಕ್ಕೆ ಹೋಗ್ಬೇಕು! ಎರಡನೇ ಮಹಡೀಲಿ ಏನಿದೆ? ಆರನೇದ್ರಲ್ಲಿ ಏನಿದೆ? ನೋಡದೆ ನಾನು ಮನೆಗೇ ಹೋಗಲ್ಲ!”

ಹೇಳುತ್ತಾ ಹೇಳುತ್ತಾ ಅವಳ ಕಣ್ಣಲ್ಲಿ ನೀರೇ ಬಂತು. ಮೌನಿ ಅವಳ ಮುಖವನ್ನೇ ನೋಡಿದ.

“ನಿಜವಾಗ್ಲೂ ನೋಡ್ಬೇಕಾ?”

“ನಿಜವಾಗ್ಲೂ!”

ಅವನು ಮೌಸು ಬಿಟ್ಟು ತಲೆ ಕೆರೆದುಕೊಂಡ. “ಮೆಟ್ಟಿಲು ಎಲ್ಲಿಡೋದು? ಜಾಗವೇ ಇಲ್ಲ.”

“ಪಕ್ಕೆಲುಬು! ತಿಮಿಂಗಿಲಕ್ಕೆ ಪಕ್ಕೆಲುಬು ಇರತ್ತಲ್ಲ, ಅದನ್ನೇ ಮೆಟ್ಟಿಲು ಮಾಡು!”

ಬಿಳಿ ಬ್ಲಾಕುಗಳು ಟಪಟಪನೆ ಏರತೊಡಗಿದವು. ಮೌನಿ ಒಂದು ಮೆಟ್ಟಿಲು ಇಡುವಷ್ಟರಲ್ಲಿ ಚಿನಕುರುಳಿ ಎರಡು ಹತ್ತುವ ಆತುರ. ಮೂರು ಸಲ ಜಾರಿ ಸೀದಾ ನಾಲಿಗೆಯ ಮೇಲೆ ಬಿದ್ದಳು.

“ನೂಕಬೇಡಿ, ಒಬ್ಬೊಬ್ಬರೇ ಹತ್ತಿ! ರೈಟ್, ರೈಟ್!” ಎಂದು ಅಜ್ಜಿ ಹಿಂದಿನಿಂದ ಕೂಗಿದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೆಟ್ಟಿಲು ಆರನೇ ಮಹಡಿ ಮುಟ್ಟಿದಾಗ ಮೌನಿ ಕೀಬೋರ್ಡ್ ತೆಗೆದುಕೊಂಡು, ತಾನೂ ಕೆಳಗಿನಿಂದ ಮೇಲಿನವರೆಗೆ ನಡೆದೇ ಬಂದ.

“ನಡೆದ್ರೆ ಇಷ್ಟು ದೊಡ್ಡದಾ!” ಎಂದು ಬಾಯಿ ಬಿಟ್ಟ. ಆಮೇಲೆ ಬಾಯಿ ಮುಚ್ಚಲೇ ಇಲ್ಲ. ಈ ರೂಮು ಕಾಮಿಕ್ಸಿಗೆ, ಇದು ಓದ್ತಾ ನಿದ್ದೆ ಬರೋರಿಗೆ, ಇದು ಜೋರಾಗಿ ಓದೋರಿಗೆ, ಅದಕ್ಕೇ ಗೋಡೆ ಡಬಲ್...

ಚಿನಕುರುಳಿ ಅಷ್ಟರಲ್ಲಿ ಇನ್ನೊಂದು ತಪ್ಪು ಕಂಡುಹಿಡಿದಿದ್ದಳು. ತಿಮಿಂಗಿಲದ ಕಣ್ಣುಗಳೇ ಕಿಟಕಿ, ಆದರೆ ಎಡಗಣ್ಣು ಬಲಗಣ್ಣಿಗಿಂತ ಒಂದು ಬ್ಲಾಕ್ ಕೆಳಗಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಮೌನಿಯ ಕಡೆ ನೋಡಿದಳು. ಅವನು ಎರಡೂ ಕೈ ಆಡಿಸುತ್ತಾ, ಉಸಿರಾಡಲೂ ನಿಲ್ಲದೆ ಹೇಳುತ್ತಿದ್ದ. ಇಷ್ಟು ವರ್ಷದಲ್ಲಿ ಅವನು ಇಷ್ಟೊಂದು ಮಾತಾಡಿದ್ದನ್ನು ಅವಳು ಕೇಳಿರಲೇ ಇಲ್ಲ.

ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ಆಮೇಲೆ? ಆ ಮೂಲೆ ರೂಮು ಯಾರಿಗೆ?” ಎಂದು ಕೇಳಿದಳು.