ಒಂದೇ ಮನೆಗೆ ಇಬ್ಬರು ಬರೆದರೆ

"ಅಲ್ಲೇ ನಿಲ್ಲು ಅನಾಹಿ. ಅದು ತಪ್ಪು."

ಕರಿಹಲಗೆಯ ಮೇಲೆ ಅನಾಹಿಯ ಸೀಮೆಸುಣ್ಣ ನಿಂತಿತು. ಹಾಗೆಂದವನು ಹಿಂದಿನ ಬೆಂಚಿನಲ್ಲಿ ಮಾಟೆಯ ಸೋರೆಬುರುಡೆ ಹಿಡಿದು ಕೂತಿದ್ದ ಗಾಸ್ತೋನ್. ಸಾಲ್ಟೊ ಊರಿನಿಂದ ಹೊಸದಾಗಿ ಬಂದ ಸಂಶೋಧಕ.

ನಮ್ಮ ಮೊಂತೆವಿದೆಯೊ ವಿಶ್ವವಿದ್ಯಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಸಂಶೋಧಕರ ಸಭೆಗೆ ಒಂದು ಪದ್ಧತಿ. ಮಾಟೆ ಎಂಬ ಎಲೆಯ ಕಷಾಯವನ್ನು ಕೊಳವೆಯಿಂದ ಹೀರುವ ಬುರುಡೆ ಕೈಯಿಂದ ಕೈಗೆ ಸುತ್ತುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರಿಗಷ್ಟೇ ಪ್ರಶ್ನೆ ಕೇಳುವ, ತೀರ್ಪು ಹೇಳುವ ಹಕ್ಕು. ಸಾವಿರ ಗಣಕಯಂತ್ರಗಳು ಒಟ್ಟಿಗೇ ಹೇಗೆ ದುಡಿಯಬೇಕೆಂದು ತಲೆ ಕೆಡಿಸಿಕೊಳ್ಳುವ ಈ ಮಹಾಬುದ್ಧಿವಂತರು ತಾವು ಮಾತ್ರ ಸರದಿಯಲ್ಲೇ ಬಾಯಿ ತೆರೆಯುತ್ತಾರೆ.

ಅನಾಹಿಯದು ಹಠದ ಕೆಲಸ. ಒಂದು ಹೆಜ್ಜೆ ಮುಗಿಯದೆ ಇನ್ನೊಂದು ಇಡಲಾಗದು ಎಂದು ಎಲ್ಲರೂ ಕೈಬಿಟ್ಟಿದ್ದ ಲೆಕ್ಕವೊಂದನ್ನು ಚೂರು ಮಾಡಿ, ನೂರಾರು ಯಂತ್ರಗಳಿಗೆ ಹಂಚಿ ಥಟ್ಟನೆ ಮುಗಿಸಬಹುದು ಎಂದು ಅವಳ ವಾದ. 'ಬಿಟ್ಟುಬಿಡು, ನಾನು ಕೊಟ್ಟ ವಿಷಯ ತಗೋ' ಎನ್ನುತ್ತಿದ್ದರು ಅವಳ ಮಾರ್ಗದರ್ಶಕ ಪ್ರೊಫೆಸರ್ ಬೆರ್ರುತಿ. ಸಾಧಿಸಿ ತೋರಿಸದಿದ್ದರೆ ಅವಳ ವಿಷಯ ಕೈತಪ್ಪುವುದು ಖಚಿತವಿತ್ತು.

"ಎಲ್ಲಿ ತಪ್ಪು?"

"ಮೆಮೊರಿಯ ಒಂದೇ ಮನೆಗೆ ಎರಡು ಯಂತ್ರ ಒಂದೇ ಸಲ ಬರೀತವೆ. ಅದು ತನ್ನ ಹೆಸ್ರು, ಇದು ತನ್ನ ಹೆಸ್ರು. ಡಿಕ್ಕಿ! ಕೊನೆಗೆ ಅಲ್ಲಿ ಯಾವ್ದು ಉಳಿಯುತ್ತೆ?"

ಅನಾಹಿ ಹಲಗೆಯತ್ತ ತಿರುಗಿ ಆ ಸಾಲನ್ನೇ ಮತ್ತೆ ಓದಿದಳು. ಬೆರ್ರುತಿ ಬುರುಡೆಗಾಗಿ ಕೈ ಚಾಚಿದರು. ಗಾಸ್ತೋನ್ ಕೊಡದೆ ಹೀರುತ್ತಲೇ ಇದ್ದ. ಹೊತ್ತು ಮೀರಿ ಸಭೆ ಮುಗಿಯಿತು.

'ನನ್ನ ಮುಳುಗಿಸಿ ಹಾಯಾಗಿ ಕುಡಿಯುತ್ತಿದ್ದಾನಲ್ಲ... ಬೆರ್ರುತಿಯ ಬಾಲ!' ಎಂದುಕೊಂಡಳು ಅನಾಹಿ.

ಆಮೇಲೆ ದಿನವೂ ಸಂಜೆ ಅವನು ಕಡಲ ದಂಡೆಯ ಗೋಡೆಯ ಮೇಲೆ ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು ಕಾಯುತ್ತಿದ್ದ. ಅವಳು ಬಿರುಸಾಗಿ ನಡೆದುಹೋಗುತ್ತಿದ್ದಳು.

"ಒಂದ್ ಗುಟುಕು ಕುಡೀಬಾರ್ದಾ?"

"ನನ್ ಮರ್ಯಾದೆ ತೆಗ್ದಿದ್ದು ಸಾಲ್ದಾ?"

"ಲೆಕ್ಕ ಸರಿ ಮಾಡು ಅನಾಹಿ. ಬಿಟ್ಕೊಡ್ಬೇಡ."

"ನೀನ್ ಹೇಳ್ಬೇಕಾ ಅದನ್ನ?"

ಹಾಗೆಂದರೂ ಅವನು ಗೋಡೆಯ ಮೇಲೆ ಕಾಣದ ಒಂದು ಸಂಜೆ ಅವಳ ಕಾಲು ತಾನಾಗಿ ನಿಧಾನವಾಯಿತು. ತನ್ನ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕೂತು ಬರೆದಾಗ ದಾರಿ ಹೊಳೆಯಿತು!

ಮುಂದಿನ ಸಭೆಯ ಬಾಗಿಲಲ್ಲಿ, ಮಾಟೆಗೆ ನೀರು ಹುಯ್ಯುವ ಗೆಳತಿ ಲೂರ್ದೆಸ್ ಅವಳನ್ನು ತಡೆದಳು.

"ಅವತ್ತು ಬುರುಡೇಲಿ ನೀರೇ ಇರ್ಲಿಲ್ಲ ಕಣೇ. ಪಾಪ, ಖಾಲಿ ಕೊಳವೆ ಹೀರ್ತಾ ಕೂತಿದ್ದ."

"ಯಾಕೆ?"

"ಬೆರ್ರುತಿಗೆ ಸರದಿ ಸಿಕ್ಕಿದ್ರೆ ಅಲ್ಲೇ ನಿನ್ ವಿಷ್ಯ ರದ್ದು ಮಾಡ್ತಿದ್ರು. ಅವ್ರಿಗೂ ಆ ತಪ್ಪು ಮೊದ್ಲೇ ಕಂಡಿತ್ತು. ಅದಕ್ಕೇ ಇವ್ನು ತಾನೇ ಕೇಳಿ, ಹೊತ್ತು ಮುಗಿಯೋವರೆಗೂ ಬುರುಡೆ ಬಿಡ್ಲಿಲ್ಲ."

ಅನಾಹಿ ಬಾಗಿಲಿನಿಂದಲೇ ಹಿಂದಿನ ಬೆಂಚಿನತ್ತ ಇಣುಕಿದಳು. ಒಂದು ತಿಂಗಳು... ಅವನಿಗೆ ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ ಅವಳು.

ಈ ಸಲ ಬುರುಡೆ ಬೆರ್ರುತಿಯ ಕೈಯಲ್ಲಿತ್ತು. "ಡಿಕ್ಕಿ ತಪ್ಪಿಸ್ದೆಯಾ? ಇಲ್ಲಾಂದ್ರೆ ನನ್ ವಿಷಯ ತಗೋ."

"ನಿಮ್ ವಿಷಯ ಬೇಡ ಪ್ರೊಫೆಸರ್. ಡಿಕ್ಕಿ ಆಗ್ಲಿ ಬಿಡಿ. ಯಾವ ಯಂತ್ರಾನೂ ತನ್ನ ಹೆಸ್ರು ಬರೆಯೋದು ಬೇಡ. ಎಲ್ಲಾ ಒಂದೇ ಗುರುತು ಬರೀಲಿ. ಆಗ ಯಾವ್ದು ಗೆದ್ರೂ ಉಳಿಯೋದು ಅದೇ ಗುರುತು."

ಬೆರ್ರುತಿ ಹಲಗೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಬುರುಡೆಯನ್ನು ಪಕ್ಕದವರಿಗೆ ದಾಟಿಸಿದರು. ಅವರ ಮಟ್ಟಿಗೆ ಅದೇ ಒಪ್ಪಿಗೆ.

ಆ ಸಂಜೆ ಅವಳು ಹುಡುಕಿಕೊಂಡು ಗೋಡೆಯ ಬಳಿ ಹೋದಳು. ಅವನಿದ್ದ.

"ನಾನು ಒಂದ್ ಮಾತು..." ಇಬ್ಬರೂ ಒಟ್ಟಿಗೇ ಶುರು ಮಾಡಿ ಒಟ್ಟಿಗೇ ನಿಲ್ಲಿಸಿದರು.

"ಬುರುಡೆ ನನ್ ಕೈಲಿದೆ. ಸರದಿ ನಂದು," ಎಂದ ಗಾಸ್ತೋನ್.

"ಆ ಪದ್ಧತಿ ಕೋಣೆಗೆ. ಇಲ್ಲಿ ಒಟ್ಟಿಗೇ ಹೇಳೋಣ."

"ಡಿಕ್ಕಿ ಆದ್ರೆ?"

"ಮಾತು ಒಂದೇ ಆಗಿದ್ರೆ ಏನೂ ಕೆಡಲ್ಲ. ಸಾಧಿಸಿ ತೋರ್ಸಿದೀನಲ್ಲ."

ಅವನು ಬುರುಡೆಯನ್ನು ಗೋಡೆಯ ಮೇಲಿಟ್ಟ.

"ನಂಗೆ ನೀನಂದ್ರೆ ಇಷ್ಟ," ಎಂದರು ಇಬ್ಬರೂ, ಒಂದೇ ಉಸಿರಿಗೆ.