ಕೋಲ್ಡ್ ಸ್ಟೋರೇಜಿನ ಕಂಪ್ಯೂಟರು

ಫಕ್ಕೀರೇಶ ತೀರಿಕೊಂಡ ಸುದ್ದಿ ಹರಿಪ್ರಿಯಾಗೆ ಬ್ಯಾಡಗಿ ಬಸ್ ನಿಲ್ದಾಣದಲ್ಲೇ ತಿಳಿಯಿತು. ೨೦೦೫ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಗುಮಾಸ್ತ ರಾತ್ರಿಯೆಲ್ಲ ತಣ್ಣನೆಯ ಕೋಣೆಯಲ್ಲಿ ಸಿಕ್ಕಿಬಿದ್ದು ಸತ್ತನಂತೆ ಎಂದು ಚಹದಂಗಡಿಯ ಮುಂದೆ ಜನ ಆಡಿಕೊಳ್ಳುತ್ತಿದ್ದರು. ಹೆಸರು ಕಿವಿಗೆ ಬಿದ್ದದ್ದೇ ಅವಳು ರಿಪೇರಿಯ ಚೀಲ ಎತ್ತಿಕೊಂಡು ಓಡುನಡಿಗೆಯಲ್ಲಿ ಹೊರಟಳು.

ರಾಣೆಬೆನ್ನೂರಿನಲ್ಲಿ ಅವಳದು ಕಂಪ್ಯೂಟರ್ ರಿಪೇರಿ ಅಂಗಡಿ. ಹಿಂದೆ ಕ್ಲಾಸು ನಡೆಸುತ್ತಿದ್ದಾಗ ಫಕ್ಕೀರೇಶ ಅವಳ ಬಳಿಯೇ ಕಲಿತಿದ್ದ. ನಿನ್ನೆ ಸಂಜೆ ನಾಲ್ಕೂವರೆಗೆ ಅವನೇ ಫೋನು ಮಾಡಿದ್ದ.

"ಅಕ್ಕೋರ, ಮೂರು ಗಂಟೆಕ್ಕ ಛಲೋ ಇತ್ತು. ಚಾ ಕುಡದು ಬರೋದ್ರಾಗ ಕಂಪ್ಯೂಟರಿನ್ಯಾಗ ಸಿ.ಡಿ. ಡ್ರೈವ್ ಕಾಣವಲ್ದು. ಒಳಗ ನನ್ನ ಸಿ.ಡಿ. ಐತಿ, ಹೊರಗ ಬರವಲ್ದು. ನಾಳೆ ಮೊದಲ ಬಸ್ಸಿಗೆ ಬರ್ರಿ."

ದನಿ ನಡುಗುತ್ತಿತ್ತು. ಒಂದು ಸಿ.ಡಿ.ಗೆ ಇಷ್ಟು ಗಾಬರಿಯೇ ಎಂದು ಅವಳು ನಕ್ಕುಬಿಟ್ಟಿದ್ದಳು.

* * *

ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಪೊಲೀಸ್ ಜೀಪು ನಿಂತಿತ್ತು. ಹೆಣವನ್ನು ಆಸ್ಪತ್ರೆಗೆ ಸಾಗಿಸಿದ್ದರು. ವರಾಂಡದ ನೆಲದಲ್ಲಿ ಕಾವಲುಗಾರ ಕುತುಬುದ್ದೀನ ತಲೆ ತಗ್ಗಿಸಿ ಕೂತಿದ್ದ. ಅರವತ್ತು ದಾಟಿದ ಮುದುಕ.

ಅಲ್ಲೊಂದು ಪದ್ಧತಿಯಿತ್ತು. ಕೋಣೆಯ ಬಾಗಿಲಿಗೆ ಕೀಲಿ ಹಾಕುವ ಮುಂಚೆ ಒಳಗೆ ಮುಖ ಮಾಡಿ ಮೂರು ಸಲ ಕೂಗಬೇಕು. ಉತ್ತರ ಬರದಿದ್ದರಷ್ಟೇ ಕೀಲಿ. ನಿನ್ನೆ ಆರು ಗಂಟೆಗೆ ಕೀಲಿ ಹಾಕಿದವನು ಕುತುಬುದ್ದೀನ. ಒಳಗೆ ಫಕ್ಕೀರೇಶ ಇದ್ದ. ದಮ್ಮಿನ ರೋಗಿ. ಮೆಣಸಿನಕಾಯಿಯ ಘಾಟು, ಮೇಲೆ ಆ ಚಳಿ. ಬಾಗಿಲ ಒಳಮೈಯಲ್ಲಿ ಉಗುರಿನ ಗೀರುಗಳಿದ್ದವು.

"ನಾ ಕೂಗಲಿಲ್ಲರಿ, ಖರೇ," ಎಂದ ಮುದುಕ. "ಸುನೀಲಣ್ಣಾರು ಬಾಗಿಲದಾಗ ನಿಂತಿದ್ರು. ನಾ ಕೂಗೇನಿ, ಯಾರೂ ಇಲ್ಲ, ಲಗೂ ಕೀಲಿ ಹಾಕು ಅಂದ್ರು."

ಸುನೀಲಕುಮಾರ ಮಾಲು ಆರಿಸಿ ದರ್ಜೆ ಕಟ್ಟುವವನು. ಅವನ ಮಾತೇ ಬೇರೆ. ತಾನು ಮಧ್ಯಾಹ್ನ ಹನ್ನೆರಡಕ್ಕೇ ಮದುವೆಗೆಂದು ಹಾವೇರಿಗೆ ಹೋದೆ, ಮರಳಿದ್ದು ಬೆಳಿಗ್ಗೆ ಎಂದು ಪೊಲೀಸರಿಗೆ ಬರೆಸಿದ್ದ. ರಾತ್ರಿ ಮದುವೆಮನೆಯಲ್ಲಿ ಅವನನ್ನು ಕಂಡವರೂ ಇದ್ದರು. ಮುದುಕನ ಕಡೆಗೆ ಸಾಕ್ಷಿಯಿರಲಿಲ್ಲ. ಅವನನ್ನು ಠಾಣೆಗೆ ಒಯ್ಯುವುದೊಂದೇ ಬಾಕಿ.

ಹರಿಪ್ರಿಯಾ ಫೋನಿನ ಸಂಗತಿ ಹೇಳಿದಳು. ಸಬ್ ಇನ್ಸ್‌ಪೆಕ್ಟರ್ ವೀರೇಂದ್ರ ಅವಳ ಚೀಲದತ್ತ ನೋಡಿದರು.

"ಇಲ್ಲಿ ಜೀವ ಹೋಗೇತಿ, ನೀವು ಪಾನಾ, ಸ್ಕ್ರೂಡ್ರೈವರ್ ತಗೊಂಡು ಬಂದೀರಲ್ಲ, ಬಾಯಾರ. ಆತು, ನೋಡ್ರಿ. ಜೀಪು ಹೊರಡೂತನಕ ನಿಮಗ ವ್ಯಾಳ್ಯಾ."

* * *

ಆಫೀಸಿನ ಬಾಗಿಲು ತೆರೆದವನು ಸುನೀಲಕುಮಾರ. ಕೀಲಿಗಳು ಎರಡೇ: ಒಂದು ಸತ್ತವನದು, ಒಂದು ಇವನದು. ಮಾಲೀಕ ಅಂದಾನೆಪ್ಪನವರು ಚಿಕಿತ್ಸೆಗೆಂದು ಹೋಗಿ ವಾರವಾಗಿತ್ತು. ಗೋಡೆಯಾಚೆ ಕಂಪ್ರೆಸರ್ ಗುಂಯ್‌ಗುಡುತ್ತಿತ್ತು.

"ಹಳೇ ಡ್ರೈವ್ ಅದು. ಹೊಸಾದು ಹಾಕ್ರಿ, ಹಳೇದು ನನ್ನ ಕೈಯಾಗ ಕೊಡ್ರಿ," ಎಂದ ಅವನು, ಅವಳ ಕುರ್ಚಿಯ ಹಿಂದೆಯೇ ನಿಂತು.

ಕೆಟ್ಟ ಡ್ರೈವನ್ನು ಇಷ್ಟು ವರ್ಷದಲ್ಲಿ ಯಾರೂ ಅವಳಿಂದ ಕೇಳಿ ಪಡೆದಿರಲಿಲ್ಲ. ಅವಳು ಯಂತ್ರ ಚಾಲೂ ಮಾಡಿದಳು. ಡ್ರೈವುಗಳ ಪಟ್ಟಿಯಲ್ಲಿ ಸಿ.ಡಿ. ಇರಲಿಲ್ಲ. ಬಿಡಿಭಾಗಗಳ ಪಟ್ಟಿ ತೆರೆದಳು. ವಿಂಡೋಸಿನದೇ ತೊಂದರೆಯಾಗಿದ್ದರೆ ಡ್ರೈವಿನ ಹೆಸರಿದ್ದು ಪಕ್ಕದಲ್ಲಿ ಹಳದಿ ಗುರುತು ಕಾಣಬೇಕು. ಇಲ್ಲಿ ಹೆಸರೇ ಇಲ್ಲ. ಯಂತ್ರ ಆರಿಸಿ ಮತ್ತೆ ಹಚ್ಚಿ, ವಿಂಡೋಸ್ ಬರುವ ಮೊದಲಿನ ಕಪ್ಪು ಪರದೆಯನ್ನು ಕಣ್ಣಿಟ್ಟು ನೋಡಿದಳು. ಅಲ್ಲಿಯೂ ಇಲ್ಲ. ಅಂದರೆ ವಿಂಡೋಸಿನ ತಪ್ಪಲ್ಲ. ಒಳಗೆ ತಂತಿಯೇ ತಪ್ಪಿರಬೇಕು.

ಪೆಟ್ಟಿಗೆಯ ಮಗ್ಗುಲು ಬಿಚ್ಚಿದಳು. ಒಳಗೆಲ್ಲ ಕೆಂಪು ಧೂಳು. ಡ್ರೈವಿನ ಹಿಂದಿನ ಎರಡೂ ತಂತಿಗಳನ್ನು ಕಿತ್ತು, ಕಾಣದಂತೆ ಒಳಕ್ಕೆ ತುರುಕಲಾಗಿತ್ತು. ತಾನಾಗಿ ಸಡಿಲಾದದ್ದಲ್ಲ. ಅಗಲವಾದ ಬೂದು ತಂತಿಯ ತುದಿಯಲ್ಲಿ ಎರಡು ಬೆರಳಚ್ಚು. ಎಣ್ಣೆಯವು. ಆ ಜಿಡ್ಡಿಗೆ ಮೆಣಸಿನ ಧೂಳು ಅಂಟಿ ಗೆರೆಗೆರೆಯೂ ಕೆಂಪಗೆ ಎದ್ದಿತ್ತು.

ಮೆಣಸಿನಕಾಯಿ ಆರಿಸುವವರು ಕೈ ಉರಿಯಬಾರದೆಂದು ಎಣ್ಣೆ ಸವರಿಕೊಳ್ಳುತ್ತಾರೆ. ಫಕ್ಕೀರೇಶ ಸೋಪಿನಲ್ಲಿ ಕೈ ತೊಳೆಯದೆ ಯಂತ್ರ ಮುಟ್ಟುತ್ತಿರಲಿಲ್ಲ. ಕುತುಬುದ್ದೀನನಿಗೆ ಮಾಲಿನ ಕೆಲಸವೇ ಇರಲಿಲ್ಲ. ಕಿವಿಯ ಹತ್ತಿರವೇ ಉಸಿರಾಟ ಕೇಳಿತು. ಕುರ್ಚಿಯ ಬೆನ್ನು ಹಿಡಿದಿದ್ದ ಸುನೀಲಕುಮಾರನ ಬೆರಳುಗಳು ಎಣ್ಣೆಯಿಂದ ಮಿಂಚುತ್ತಿದ್ದವು.

"ಏನಾತ್ರಿ?"

"ಸತ್ತ ಹೋಗೇತ್ರಿ ಡ್ರೈವ್," ಎಂದಳು. "ಬದಲಿ ಮಾಡಾಕ ಸಾಹೇಬ್ರ ಸಹಿ ಬೇಕು. ಪಂಚನಾಮೆ ಆದ ಜಾಗಾ ನೋಡ್ರಿ."

ಅವನು ಬೇಡವೆನ್ನಲು ಕಾರಣ ಹುಡುಕುವಷ್ಟರಲ್ಲಿ ಅವಳು ಕಿಟಕಿಯಿಂದ ವೀರೇಂದ್ರರನ್ನು ಕೂಗಿ ಕರೆದಿದ್ದಳು. ಅವರು ಹೊಸ್ತಿಲು ದಾಟುವವರೆಗೂ ಅವಳು ತಂತಿಯ ಮೇಲಿಂದ ಕಣ್ಣು ಎತ್ತಲಿಲ್ಲ.

* * *

ವೀರೇಂದ್ರರ ಎದುರಿಗೇ ತಂತಿಗಳ ಅಚ್ಚಿಲ್ಲದ ಭಾಗ ಹಿಡಿದು ಜೋಡಿಸಿದಳು. ಡ್ರೈವಿನ ಮುಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಸಿ.ಡಿ. ಇಡುವ ತಟ್ಟೆ ಎಳೆದಳು. ಧೂಳು ಒರೆಸಿ ಸಿ.ಡಿ.ಯನ್ನು ಮತ್ತೆ ಒಳಗಿಟ್ಟು ಯಂತ್ರ ಹಚ್ಚಿದಳು. ಈ ಸಲ ಹೆಸರು ಬಂತು. ಸಿ.ಡಿ.ಯಲ್ಲಿ ಫಕ್ಕೀರೇಶ ಗುಟ್ಟಾಗಿ ತೆಗೆದ ಒಂಬತ್ತು ಫೋಟೋಗಳಿದ್ದವು. ಹಳೆಯ ಬಿಳಿಚಿದ ಮೆಣಸಿನಕಾಯಿಗೆ ಕೆಂಪು ಬಣ್ಣ ಕಲಸುತ್ತಿದ್ದವನು ಸುನೀಲಕುಮಾರ.

ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ಮೂರಕ್ಕೆ ಸರಿಯಿದ್ದ ಡ್ರೈವು ನಾಲ್ಕೂವರೆಗೆ ಕಾಣದಾಯಿತು. ಫಕ್ಕೀರೇಶ ಚಹಕ್ಕೆ ಹೋದಾಗ ಒಳಗೆ ಬರಬಲ್ಲ ಇನ್ನೊಂದು ಕೀಲಿ ಸುನೀಲಕುಮಾರನದು. ಸಿ.ಡಿ. ಕದಿಯಲು ಬಂದವನಿಗೆ ಧೂಳಿಗೆ ಬಿಗಿದ ತಟ್ಟೆ ತೆರೆಯಲಿಲ್ಲ, ಪಿನ್ನಿನ ಸಂಗತಿ ಅವನಿಗೆ ಗೊತ್ತಿಲ್ಲ. ತಂತಿ ಕಿತ್ತರೆ ಡ್ರೈವು ಕೆಟ್ಟಿತೆಂದು ಎಸೆಯುತ್ತಾರೆ, ಆಮೇಲೆ ಎತ್ತಿಕೊಳ್ಳಬಹುದು ಎಂದುಕೊಂಡ. ಆದರೆ ಹುಡುಗ ರಿಪೇರಿಗೆ ಫೋನು ಮಾಡಿದ; ನಾಳೆ ಫೋಟೋ ಹೊರಬೀಳುತ್ತವೆಂದು ಅವನ ಬಾಯನ್ನೇ ಮುಚ್ಚಿಸಿದ.

"ಮಧ್ಯಾಹ್ನ ಹಾವೇರಿಯಾಗ ಇದ್ದವನ ಎಣ್ಣಿಗೈ ಇಲ್ಲಿ ಹೆಂಗ ಬಂತು? ಅಚ್ಚು ತಾಳೆ ನೋಡ್ರಿ, ಸಾಹೇಬ್ರ."

ವೀರೇಂದ್ರ ಕೈ ತೋರಿಸು ಎಂದರು. ಸುನೀಲಕುಮಾರ ಎರಡೂ ಕೈಗಳನ್ನು ಅಂಗಿಗೆ ತಿಕ್ಕತೊಡಗಿದ. ತಿಕ್ಕುತ್ತಲೇ ಕುಸಿದು ಕೂತ.

"ಚೀಲದ ನಂಬರ್ ನೋಡಿ ಬಾ ಅಂತ ಒಳಗ ಕಳಿಸಿದ್ನಿ," ಎಂದ. "ಮುದುಕಗ ಸುಳ್ಳ ಹೇಳಿ ಕೀಲಿ ಹಾಕಿಸಿದ್ನಿ. ಕೂಡಲೇ ಬಸ್ ಹತ್ತಿದ್ನಿ."

ಜೀಪು ಅವನನ್ನು ಕೂಡಿಸಿಕೊಂಡು ಹೊರಟಿತು. ಬಿಡುಗಡೆಯಾದರೂ ಕುತುಬುದ್ದೀನ ಎದ್ದು ಮನೆಗೆ ಹೋಗಲಿಲ್ಲ. ಕೋಣೆಯ ಕಡೆ ಮುಖ ಮಾಡಿ ಎರಡೂ ಅಂಗೈ ಚಾಚಿ ಕೂತ. ಅವನ ತುಟಿಗಳು ಅಲುಗುತ್ತಿದ್ದವು. ಹರಿಪ್ರಿಯಾ ಚಪ್ಪಲಿ ಕಳಚಿ ಪಕ್ಕದಲ್ಲಿ ನಿಂತು ಕೈ ಮುಗಿದಳು.

ಭಗವಂತಾ, ಚಳಿಯಲ್ಲಿ ಒಬ್ಬಂಟಿಯಾಗಿ ಹೋದ ಜೀವವಿದು. ನಿನ್ನ ಮಡಿಲಲ್ಲಿ ಬೆಚ್ಚಗಿಟ್ಟುಕೋ. ಅವನ ಆತ್ಮಕ್ಕೆ ಶಾಂತಿ ಕೊಡು.